ಒಂದೇ ಮೂಲ, ಹಲವು ಮೀಟರು: ಏರೋಪೆರು 603 ಪ್ರಕರಣ

1996ರ ಅಕ್ಟೋಬರ್ 2, ಮಧ್ಯರಾತ್ರಿ ಕಳೆದು 1 ಗಂಟೆ 11 ನಿಮಿಷ. ಪೆರು ದೇಶದ ಕರಾವಳಿಯಾಚೆ ಶಾಂತ ಸಾಗರದ ಮೇಲೆ ಹಾರುತ್ತಿದ್ದ ಏರೋಪೆರು ಸಂಸ್ಥೆಯ ಬೋಯಿಂಗ್ 757 ವಿಮಾನದ ಎಡರೆಕ್ಕೆಯ ತುದಿ ನೀರಿಗೆ ತಾಗಿತು. ಆ ಹೊತ್ತಿನಲ್ಲಿ ಪೈಲಟ್‌ಗಳ ಮುಂದಿದ್ದ ಆಲ್ಟಿಮೀಟರ್ ಸುಮಾರು 9,700 ಅಡಿ ಎತ್ತರ ತೋರಿಸುತ್ತಿತ್ತು. ವಿಮಾನವನ್ನು ಮೇಲೆತ್ತುವ ಪ್ರಯತ್ನ ನಡೆಯಿತು, ಕೆಲವು ಸೆಕೆಂಡು ಅದು ಗಾಳಿಯಲ್ಲಿತ್ತು ಕೂಡ. ಬಳಿಕ ಮಗುಚಿಕೊಂಡು ಸಮುದ್ರಕ್ಕೆ ಬಿತ್ತು. 61 ಪ್ರಯಾಣಿಕರು, 9 ಸಿಬ್ಬಂದಿ, ಒಟ್ಟು 70 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಎಂಜಿನ್‌ಗಳು ಚೆನ್ನಾಗಿದ್ದವು. ಇಂಧನ ಬೇಕಾದಷ್ಟಿತ್ತು. ಕೆಟ್ಟಿದ್ದು ಒಂದೇ: ವಿಮಾನ ತೊಳೆಯುವಾಗ ನೀರು ಹೋಗದಿರಲಿ ಎಂದು ಸ್ಟ್ಯಾಟಿಕ್ ಪೋರ್ಟ್‌ಗಳ, ಅಂದರೆ ಹೊರಗಿನ ಗಾಳಿಯ ಒತ್ತಡವನ್ನು ಮೀಟರುಗಳಿಗೆ ಮುಟ್ಟಿಸುವ ರಂಧ್ರಗಳ, ಮೇಲೆ ಅಂಟಿಸಿದ್ದ ಟೇಪನ್ನು ಯಾರೂ ಕಿತ್ತಿರಲಿಲ್ಲ. ಪೈಲಟ್ ತರಬೇತಿಗೆ ಸೇರಿದವರಿಗೆ ಪಿಟೊ–ಸ್ಟ್ಯಾಟಿಕ್ ವ್ಯವಸ್ಥೆಯ ಪಾಠ ಪರೀಕ್ಷೆಗೆ ಬಾಯಿಪಾಠ ಮಾಡುವ ಕೋಷ್ಟಕವಾಗಿ ಬರುತ್ತದೆ. ಯಾವುದು ಮುಚ್ಚಿದರೆ ಯಾವ ಮುಳ್ಳು ಎತ್ತ ಹೋಗುತ್ತದೆ ಎಂಬ ಕೋಷ್ಟಕ ಅದು. ಆ ಕೋಷ್ಟಕದ ಒಂದೊಂದು ಸಾಲೂ ನಿಜವಾದ ವಿಮಾನದಲ್ಲಿ, ಕತ್ತಲಲ್ಲಿ, ಒಂದರ ಹಿಂದೊಂದು ನಡೆದದ್ದನ್ನು ನೋಡಬೇಕಾದರೆ ಈ ಪ್ರಕರಣವನ್ನು ಓದಬೇಕು.

ಕೊಳವೆಗಳ ಲೆಕ್ಕ

ಒತ್ತಡ ಅಳೆದು ಕೆಲಸ ಮಾಡುವ ಉಪಕರಣಗಳು ಮೂರು: ಎತ್ತರ ತೋರಿಸುವ ಆಲ್ಟಿಮೀಟರ್, ವೇಗ ತೋರಿಸುವ ಏರ್‌ಸ್ಪೀಡ್ ಇಂಡಿಕೇಟರ್, ಏರುವ ಇಳಿಯುವ ದರ ತೋರಿಸುವ ವರ್ಟಿಕಲ್ ಸ್ಪೀಡ್ ಇಂಡಿಕೇಟರ್. ಇವುಗಳಿಗೆ ಗಾಳಿ ಬರುವ ದಾರಿ ಎರಡೇ. ಒಂದು ಪಿಟೊ ಟ್ಯೂಬ್. ಇದು ಮುಂದಕ್ಕೆ ಬಾಯಿ ತೆರೆದುಕೊಂಡಿರುತ್ತದೆ, ಎದುರು ನುಗ್ಗುವ ಗಾಳಿಯ ಒಟ್ಟು ಒತ್ತಡವನ್ನು ಹಿಡಿಯುತ್ತದೆ. ಇನ್ನೊಂದು ಸ್ಟ್ಯಾಟಿಕ್ ಪೋರ್ಟ್. ವಿಮಾನದ ಮೈಯ ಪಕ್ಕದಲ್ಲಿ, ಗಾಳಿ ನೇರವಾಗಿ ಬಡಿಯದ ಜಾಗದಲ್ಲಿ, ಚಪ್ಪಟೆ ಲೋಹದಲ್ಲಿ ಕೊರೆದ ಸಣ್ಣ ರಂಧ್ರಗಳು. ಸುತ್ತಲಿನ ಗಾಳಿಯ ಒತ್ತಡವನ್ನಷ್ಟೇ ಅವು ಒಳಗೆ ಬಿಡುತ್ತವೆ.

ಆಲ್ಟಿಮೀಟರ್‌ನ ಒಳಗೆ ಮುಚ್ಚಿದ, ಗಾಳಿ ತೆಗೆದ ಲೋಹದ ಡಬ್ಬಿಗಳಿವೆ. ಅವುಗಳ ಸುತ್ತಲಿನ ಪೆಟ್ಟಿಗೆಗೆ ಸ್ಟ್ಯಾಟಿಕ್ ಕೊಳವೆ ಸೇರುತ್ತದೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಡಬ್ಬಿಗಳು ಹಿಗ್ಗುತ್ತವೆ, ಮುಳ್ಳು ತಿರುಗುತ್ತದೆ. ಸಮುದ್ರಮಟ್ಟದ ಬಳಿ ಒತ್ತಡ 1 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿದರೆ ಸುಮಾರು 27 ಅಡಿ ಏರಿದಂತೆ. ವರ್ಟಿಕಲ್ ಸ್ಪೀಡ್ ಇಂಡಿಕೇಟರ್‌ಗೂ ಬರುವುದು ಅದೇ ಸ್ಟ್ಯಾಟಿಕ್ ಗಾಳಿ. ಅದರ ಡಬ್ಬಿಗೆ ಗಾಳಿ ಸಲೀಸಾಗಿ ಹೋಗುತ್ತದೆ, ಪೆಟ್ಟಿಗೆಗೆ ಅತಿಸಣ್ಣ ತೂತಿನ ಮೂಲಕ ತಡವಾಗಿ ಸೇರುತ್ತದೆ. ಆ ತಡದಿಂದ ಹುಟ್ಟುವ ವ್ಯತ್ಯಾಸವೇ ಏರಿಳಿತದ ದರ. ಏರ್‌ಸ್ಪೀಡ್ ಇಂಡಿಕೇಟರ್‌ಗೆ ಮಾತ್ರ ಎರಡೂ ಬೇಕು. ಡಬ್ಬಿಯೊಳಗೆ ಪಿಟೊ ಒತ್ತಡ, ಹೊರಗೆ ಸ್ಟ್ಯಾಟಿಕ್ ಒತ್ತಡ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ವೇಗದಿಂದ ಹುಟ್ಟಿದ ಒತ್ತಡ.

ಬೋಯಿಂಗ್ 757ರಲ್ಲಿ ಕೊಳವೆಗಳ ಗಾಳಿ ಏರ್ ಡೇಟಾ ಕಂಪ್ಯೂಟರ್‌ಗೆ ಹೋಗಿ ಅಲ್ಲಿಂದ ವಿದ್ಯುತ್ ಸಂಕೇತವಾಗಿ ಎಲ್ಲೆಡೆ ಹಂಚಿಹೋಗುತ್ತದೆ. ಮೀಟರು, ಆಟೋಪೈಲಟ್, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್, ಅತಿವೇಗದ ಎಚ್ಚರಿಕೆ, ನೆಲದ ರಾಡಾರ್‌ಗೆ ಉತ್ತರಿಸುವ ಟ್ರಾನ್ಸ್‌ಪಾಂಡರ್ ಎಲ್ಲಕ್ಕೂ ಅದೇ ಮಾಹಿತಿ. ಈ ಪಟ್ಟಿಯ ಕೊನೆಯ ಹೆಸರನ್ನು ನೆನಪಿಡಬೇಕು.

ರನ್‌ವೇ ಮೇಲೆ ಎಲ್ಲವೂ ಸರಿ

ವಿಮಾನ ಲಿಮಾದ ಹೋರ್ಹೆ ಚಾವೆಸ್ ನಿಲ್ದಾಣದಿಂದ ಚಿಲಿಯ ಸಾಂಟಿಯಾಗೊಗೆ ಹೊರಟಿದ್ದು ರಾತ್ರಿ 12 ಗಂಟೆ 42 ನಿಮಿಷಕ್ಕೆ. ಟೇಕ್‌ಆಫ್ ಓಟದಲ್ಲಿ ವೇಗದ ಮುಳ್ಳು ಎಂದಿನಂತೆ ಏರುವುದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿ ವಿದ್ಯಾರ್ಥಿಗಳು ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಓದಿಕೊಂಡು ಮುಂದೆ ಹೋಗುವ ಜಾಗ ಇದು.

ಸ್ಟ್ಯಾಟಿಕ್ ರಂಧ್ರಕ್ಕೆ ನೆಲದ ಮೇಲೆ ಟೇಪು ಅಂಟಿಸಿದರೆ ಕೊಳವೆಯೊಳಗೆ ಸೆರೆಯಾಗುವುದು ನೆಲದ ಮಟ್ಟದ ಒತ್ತಡ. ರನ್‌ವೇ ಮೇಲೆ ಓಡುವಷ್ಟು ಹೊತ್ತೂ ಹೊರಗಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಕಳೆಯುವ ಲೆಕ್ಕ ಸರಿಯಾಗಿಯೇ ಬರುತ್ತದೆ. ಓಟದ ಮೊದಲಲ್ಲಿ ಮುಳ್ಳು ಅಲುಗಿದ್ದನ್ನು ನೋಡಿ ವೇಗ ಬರುತ್ತಿದೆ ಎಂದು ಕೂಗಿ ಹೇಳುವ ಪದ್ಧತಿ ಇದೆಯಲ್ಲ, ಅದು ಮುಚ್ಚಿದ ಪಿಟೊವನ್ನು ಹಿಡಿಯುತ್ತದೆ. ಮುಚ್ಚಿದ ಸ್ಟ್ಯಾಟಿಕ್ ಪೋರ್ಟನ್ನು ಹಿಡಿಯುವುದಿಲ್ಲ. ಆಲ್ಟಿಮೀಟರ್ ಕೂಡ ನಿಲ್ದಾಣದ ಎತ್ತರವನ್ನೇ ತೋರಿಸುತ್ತಿರುತ್ತದೆ, ಲಿಮಾದಲ್ಲಿ ನೂರು ಚಿಲ್ಲರೆ ಅಡಿ, ಬೆಂಗಳೂರಿನಲ್ಲಾದರೆ ಸುಮಾರು 3,000 ಅಡಿ. ಟೇಕ್‌ಆಫ್ ನಿಲ್ಲಿಸಬೇಕೆನ್ನಿಸುವ ಒಂದು ಕಾರಣವನ್ನೂ ಈ ದೋಷ ಕೊಡುವುದಿಲ್ಲ. ಚಕ್ರ ನೆಲ ಬಿಟ್ಟ ಮೇಲಷ್ಟೇ ಅದು ಬಾಯಿ ಬಿಡುತ್ತದೆ.

ನೆಲ ಬಿಟ್ಟ ಕೂಡಲೇ ಆಲ್ಟಿಮೀಟರ್‌ಗಳು ಅಲುಗದೆ ನಿಂತವು. ಸಹಪೈಲಟ್ ಅದನ್ನು ಬೇಗನೇ ಗುರುತಿಸಿದರು. ವೇಗ ತೋರಿಸುವ ಮುಳ್ಳು ಕೆಳಗಿಳಿಯತೊಡಗಿತು. ಏಕೆ ಎಂಬುದನ್ನು ಅಂಕಿಗಳಲ್ಲೇ ನೋಡಿದರೆ ವಿಷಯ ಮೈಗೆ ಹತ್ತುತ್ತದೆ. 160 ನಾಟ್ (ಗಂಟೆಗೆ ಸುಮಾರು 296 ಕಿ.ಮೀ.) ವೇಗದಲ್ಲಿ ಗಾಳಿ ಪಿಟೊದೊಳಗೆ ಹುಟ್ಟಿಸುವ ಹೆಚ್ಚುವರಿ ಒತ್ತಡ ಸುಮಾರು 41 ಹೆಕ್ಟೊಪಾಸ್ಕಲ್ ಮಾತ್ರ. ವಿಮಾನ ಅದೇ ವೇಗದಲ್ಲಿ 1,100 ಅಡಿಯಷ್ಟು ಏರಿದರೆ ಹೊರಗಿನ ಒತ್ತಡವೂ ಸುಮಾರು ಅಷ್ಟೇ ಇಳಿದಿರುತ್ತದೆ. ಪಿಟೊ ಒತ್ತಡ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಸೆರೆಯಾದ ಸ್ಟ್ಯಾಟಿಕ್ ಒತ್ತಡ ಹಾಗೇ ಇರುತ್ತದೆ. ಕಳೆದರೆ ಉಳಿಯುವುದು ಸೊನ್ನೆ. ತರಬೇತಿ ವಿಮಾನದಲ್ಲಿ 100 ನಾಟ್ ವೇಗಕ್ಕೆ ಈ ಲೆಕ್ಕ ಮಾಡಿದರೆ ಇನ್ನೂ ಬೇಗ: 16 ಹೆಕ್ಟೊಪಾಸ್ಕಲ್, ಅಂದರೆ ಸಮುದ್ರಮಟ್ಟದ ಬಳಿ ಸುಮಾರು 440 ಅಡಿ ಏರುವಷ್ಟರಲ್ಲಿ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ನಿಲ್ದಾಣದ ಸುತ್ತ ಹಾಕುವ ಸುತ್ತಿನ, ಅಂದರೆ ಸರ್ಕಿಟ್‌ನ, ಮೊದಲ ತಿರುವಿಗೂ ಮುಂಚೆಯೇ.

ಆ ಕ್ಷಣದಲ್ಲಿ ಕೈ ತಾನಾಗಿ ಮಾಡಬಯಸುವುದು ಮೂತಿ ತಗ್ಗಿಸುವುದನ್ನು. ವೇಗ ಕಡಿಮೆಯಾದರೆ ಮೂತಿ ತಗ್ಗಿಸು ಎಂದೇ ತಿಂಗಳುಗಟ್ಟಲೆ ಕಲಿಸಿರುತ್ತಾರೆ. 400 ಅಡಿಯಲ್ಲಿ, ಚೆನ್ನಾಗಿ ಹಾರುತ್ತಿರುವ ವಿಮಾನದ ಮೂತಿಯನ್ನು ತಗ್ಗಿಸುತ್ತ ಹೋದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಏರೋಪೆರು ಪೈಲಟ್‌ಗಳು ಆ ಬಲೆಗೆ ಬೀಳಲಿಲ್ಲ. ವಿಂಡ್‌ಶಿಯರ್ (ಗಾಳಿಯ ವೇಗ, ದಿಕ್ಕು ಹಠಾತ್ತನೆ ಬದಲಾಗುವುದು) ಎಚ್ಚರಿಕೆ ಕೂಗುತ್ತಿದ್ದಾಗಲೂ ಥ್ರಸ್ಟ್ (ಎಂಜಿನ್‌ನ ನೂಕುಬಲ) ಇಟ್ಟುಕೊಂಡು ವಿಮಾನವನ್ನು ಮೇಲಕ್ಕೆ ಒಯ್ದರು, ತುರ್ತು ಪರಿಸ್ಥಿತಿ ಘೋಷಿಸಿದರು, ಲಿಮಾಕ್ಕೆ ಮರಳುವ ತೀರ್ಮಾನ ಮಾಡಿದರು. ಇವರ ಬಗ್ಗೆ ಬರೆಯುವವರು ಕೊನೆಯ ನಿಮಿಷಗಳನ್ನಷ್ಟೇ ಹಿಡಿದು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಮೊದಲ ನಿಮಿಷಗಳಲ್ಲಿ ಅವರು ಮಾಡಿದ ಕೆಲಸ ಸಣ್ಣದಲ್ಲ.

ಏರುವಾಗಿನ ಸುಳ್ಳು, ಇಳಿಯುವಾಗಿನ ಸುಳ್ಳು

ಟೇಪು ಪೂರ್ತಿ ಗಾಳಿಬಿಗಿಯಾಗಿದ್ದರೆ ಆಲ್ಟಿಮೀಟರ್ ಕೊನೆಯವರೆಗೂ ನೆಲದ ಎತ್ತರದಲ್ಲೇ ನಿಂತಿರಬೇಕಿತ್ತು. ಅದು ಸಾವಿರಾರು ಅಡಿಗೆ ಏರಿತು ಎಂದರೆ ಕೊಳವೆಯೊಳಗಿನ ಗಾಳಿ ಎಲ್ಲೋ ಮೆಲ್ಲಗೆ ಸೋರಿ ಹೋಗಿತ್ತು ಎಂದೇ ತಿಳಿಯಬೇಕು. ಇದು ಪೂರ್ತಿ ಮುಚ್ಚಿದ್ದಕ್ಕಿಂತಲೂ ಅಪಾಯಕಾರಿ. ನಿಂತ ಮುಳ್ಳನ್ನು ಯಾರೂ ನಂಬುವುದಿಲ್ಲ. ಚಲಿಸುವ, ನಂಬುವಂಥ ಅಂಕಿ ತೋರಿಸುವ ಮುಳ್ಳನ್ನು ದಣಿದ ಮನಸ್ಸು ಮತ್ತೆ ನಂಬತೊಡಗುತ್ತದೆ.

ವಿಮಾನ ಇಳಿಯತೊಡಗಿದಾಗ ಕೋಷ್ಟಕ ತಲೆಕೆಳಗಾಯಿತು. ಈಗ ಕೊಳವೆಯೊಳಗೆ ಇದ್ದದ್ದು ಮೇಲಿನ ಎತ್ತರದ ಕಡಿಮೆ ಒತ್ತಡ, ಹೊರಗೆ ಕೆಳಗಿನ ಎತ್ತರದ ಹೆಚ್ಚು ಒತ್ತಡ. ಆಲ್ಟಿಮೀಟರ್ ಇರುವುದಕ್ಕಿಂತ ಹೆಚ್ಚು ಎತ್ತರ ತೋರಿಸುತ್ತದೆ. ವೇಗವೂ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಎಷ್ಟು ಹೆಚ್ಚು? ಸಮುದ್ರಮಟ್ಟದ ಬಳಿ ನಿಜವಾದ ವೇಗ 140 ನಾಟ್ ಇದ್ದು, ಕೊಳವೆಯಲ್ಲಿ ಕೇವಲ 1,500 ಅಡಿ ಮೇಲಿನ ಒತ್ತಡ ಉಳಿದಿದ್ದರೂ ಮೀಟರು ಸುಮಾರು 230 ನಾಟ್ ತೋರಿಸುತ್ತದೆ. ಈ ಪ್ರಕರಣದಲ್ಲಿ ವ್ಯತ್ಯಾಸ ಸಾವಿರಾರು ಅಡಿಯದು.

ಆದ್ದರಿಂದಲೇ ಅತಿವೇಗದ ಎಚ್ಚರಿಕೆ ಬಿಡದೆ ಬಡಿದುಕೊಂಡಿತು. ಪೈಲಟ್‌ಗಳು ಥ್ರಸ್ಟ್ ಇಳಿಸಿದರು, ರೆಕ್ಕೆಯ ಮೇಲೆದ್ದು ವೇಗ ತಗ್ಗಿಸುವ ಸ್ಪೀಡ್‌ಬ್ರೇಕ್ ಎತ್ತಿದರು. ಎಂಜಿನ್ ಶಕ್ತಿ ಇಳಿಸಿದ ಮೇಲೂ ವೇಗ ಹೇಗೆ ಹೆಚ್ಚುತ್ತಿದೆ ಎಂದು ಅವರು ತಮ್ಮತಮ್ಮಲ್ಲೇ ಕೇಳಿಕೊಂಡರು. ಇಳಿಯುತ್ತಿದ್ದೇವೆ ಎಂಬ ಉತ್ತರ ಆ ಪ್ರಶ್ನೆಯೊಳಗೇ ಇತ್ತು. ಅದನ್ನು ಬಿಡಿಸಿ ನೋಡುವಷ್ಟು ಶಾಂತಿ ಕಾಕ್‌ಪಿಟ್‌ನಲ್ಲಿರಲಿಲ್ಲ. ಅತಿವೇಗದ ಸದ್ದಿನ ಜೊತೆಗೇ ಕಂಟ್ರೋಲ್ ಕಂಬ ಅದುರಿಸುವ ಸ್ಟಿಕ್ ಶೇಕರ್ ಕೂಡ ಶುರುವಾಯಿತು. ವೇಗ ಅತಿಯಾಯಿತು ಎಂದು ಒಂದು, ಸ್ಟಾಲ್ ಆಗುವಷ್ಟು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದಷ್ಟು, ಕಡಿಮೆಯಾಯಿತು ಎಂದು ಇನ್ನೊಂದು. ಎರಡೂ ಒಂದೇ ಹೊತ್ತಿನಲ್ಲಿ.

ಇಂಥ ಗೊಂದಲದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ ಎಂದು ನಾನು ದೃಢವಾಗಿ ನಂಬುತ್ತೇನೆ: ಈ ಮಾಹಿತಿ ಎಲ್ಲಿಂದ ಬರುತ್ತಿದೆ? ಅತಿವೇಗದ ಎಚ್ಚರಿಕೆಯ ಮೂಲ ಏರ್ ಡೇಟಾ ಕಂಪ್ಯೂಟರ್, ಅದರ ಮೂಲ ಟೇಪು ಮುಚ್ಚಿದ ರಂಧ್ರ. ಸ್ಟಾಲ್ ಎಚ್ಚರಿಕೆಯ ಮೂಲ ಬೇರೆ. ವಿಮಾನದ ಮೂತಿಯ ಪಕ್ಕದಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ಪುಟ್ಟ ಪಟ್ಟಿಗಳಿರುತ್ತವೆ. ರೆಕ್ಕೆ ಗಾಳಿಯನ್ನು ಯಾವ ಕೋನದಲ್ಲಿ ಸೀಳುತ್ತಿದೆ ಎಂಬುದನ್ನು ಅವು ನೇರವಾಗಿ ಅಳೆಯುತ್ತವೆ. ಟೇಪಿಗೂ ಅವಕ್ಕೂ ಸಂಬಂಧವಿಲ್ಲ. ಅಂದರೆ ಆ ಎರಡು ಸದ್ದುಗಳಲ್ಲಿ ಕಿವಿಗೊಡಬೇಕಾಗಿದ್ದದ್ದು ಸ್ಟಿಕ್ ಶೇಕರ್‌ಗೆ.

ಮೂರನೆಯದೊಂದು ದನಿಯೂ ಇತ್ತು. ನೆಲ ತೀರಾ ಹತ್ತಿರವಿದೆ ಎಂದು ಭೂಸಾಮೀಪ್ಯ ಎಚ್ಚರಿಕೆ ವ್ಯವಸ್ಥೆ ಪದೇ ಪದೇ ಹೇಳುತ್ತಿತ್ತು. ಅದಕ್ಕೆ ಮಾಹಿತಿ ಕೊಡುವುದು ರೇಡಿಯೋ ಆಲ್ಟಿಮೀಟರ್. ಇದು ಕೆಳಕ್ಕೆ ರೇಡಿಯೋ ಅಲೆ ಕಳುಹಿಸಿ, ಪ್ರತಿಫಲಿಸಿ ಬಂದ ಅಲೆಯಿಂದ ಎತ್ತರ ತಿಳಿಯುವ ಉಪಕರಣ. ಸುಮಾರು 2,500 ಅಡಿಗಿಂತ ಕೆಳಗೆ ಬಂದಾಗಲೇ ಅದರ ಅಂಕಿ ಕಾಣಿಸಿಕೊಳ್ಳುವುದು. ಅದು ಎಚ್ಚರವಾಗಿ ಅಂಕಿ ತೋರಿಸುತ್ತಿದೆ ಎಂಬುದೇ, ಅಂಕಿ ಓದುವ ಮುಂಚೆಯೇ, ದೊಡ್ಡ ಸುದ್ದಿ.

9,700 ಎಂದ ನಿಯಂತ್ರಣ ಗೋಪುರ

ಹಾಗಿದ್ದರೂ ಅವರೇಕೆ ಅದನ್ನು ನಂಬಲಿಲ್ಲ? ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇರುವುದು ಇಲ್ಲಿ.

ತಮ್ಮ ಮೀಟರುಗಳ ಮೇಲೆ ಅನುಮಾನ ಬಂದಾಗ ಪೈಲಟ್‌ಗಳು ಹೊರಗಿನ ಸಾಕ್ಷಿಯನ್ನು ಕೇಳಿದರು. ನಮ್ಮ ಎತ್ತರವೆಷ್ಟು, ವೇಗವೆಷ್ಟು ಎಂದು ಲಿಮಾದ ವಾಯುಸಂಚಾರ ನಿಯಂತ್ರಕರನ್ನು ವಿಚಾರಿಸಿದರು. ಕೇಳಿದ್ದು ಸರಿ. ನಿಯಂತ್ರಕರು ತಮ್ಮ ಪರದೆ ನೋಡಿ ಎತ್ತರ ಹೇಳಿದರು, ಅದು ಕಾಕ್‌ಪಿಟ್‌ನ ಆಲ್ಟಿಮೀಟರ್‌ಗೆ ಹೊಂದಿಕೊಂಡಿತು. ಕೊನೆಯ ಬಾರಿಗೆ ಬಂದ ಅಂಕಿ 9,700 ಅಡಿ. ನೆಲ ಹತ್ತಿರವಿದೆ ಎಂದು ಯಂತ್ರ ಕೂಗುತ್ತಿದ್ದಾಗ, ಇಲ್ಲ, ನೀವು 9,700 ಅಡಿಯಲ್ಲಿದ್ದೀರಿ ಎಂದು ಮನುಷ್ಯರ ದನಿಯೊಂದು ಭರವಸೆ ಕೊಟ್ಟಿತು.

ಆ ಪರದೆಗೆ ಎತ್ತರ ಎಲ್ಲಿಂದ ಬರುತ್ತದೆ? ರಾಡಾರ್ ತಿರುಗುವ ಆಂಟೆನಾದಿಂದ ವಿಮಾನದ ದಿಕ್ಕು ಮತ್ತು ದೂರವನ್ನು ತಾನೇ ಅಳೆಯುತ್ತದೆ. ಆ ಸ್ಥಾನಗಳು ಬದಲಾಗುವುದನ್ನು ನೋಡಿ ನೆಲದ ಮೇಲಿನ ವೇಗವನ್ನು ಲೆಕ್ಕ ಹಾಕುತ್ತದೆ. ಎತ್ತರವನ್ನು ಮಾತ್ರ ಅದು ಅಳೆಯುವುದಿಲ್ಲ, ವಿಮಾನವನ್ನೇ ಕೇಳುತ್ತದೆ. ಟ್ರಾನ್ಸ್‌ಪಾಂಡರ್ ಉತ್ತರಿಸುತ್ತದೆ. ಟ್ರಾನ್ಸ್‌ಪಾಂಡರ್‌ಗೆ ಎತ್ತರ ಹೇಳುವುದು ಏರ್ ಡೇಟಾ ಕಂಪ್ಯೂಟರ್. ಅದಕ್ಕೆ ಗಾಳಿ ಬರುವುದು ಟೇಪು ಮುಚ್ಚಿದ ರಂಧ್ರದಿಂದ. ಪೈಲಟ್‌ಗಳ ಮುಂದಿದ್ದ ತಪ್ಪು ಅಂಕಿಯೇ ರೇಡಿಯೋದಲ್ಲಿ ಲಿಮಾಕ್ಕೆ ಹೋಗಿ, ಅಲ್ಲಿಂದ ನಿಯಂತ್ರಕರ ಬಾಯಲ್ಲಿ ವಾಪಸು ಬಂದಿತ್ತು. ಒಂದೇ ಟ್ಯಾಂಕಿನ ಮೂರು ನಲ್ಲಿಗಳಲ್ಲಿ ನೀರಿನ ರುಚಿ ನೋಡಿ ಮೂರೂ ಒಂದೇ ರುಚಿ, ಆದ್ದರಿಂದ ನೀರು ಶುದ್ಧ ಎಂದಂತೆ.

ಅದೇ ನಿಯಂತ್ರಕರು ಹೇಳುವ ನೆಲದ ಮೇಲಿನ ವೇಗ ಮಾತ್ರ ಅಪ್ಪಟ ಸ್ವತಂತ್ರ ಸಾಕ್ಷಿ. ಒಂದೇ ಬಾಯಿಂದ ಬಂದ ಎರಡು ಅಂಕಿಗಳಲ್ಲಿ ಒಂದು ನಿಜ, ಇನ್ನೊಂದು ಸುಳ್ಳು. ನಿಯಂತ್ರಕರಿಗೂ ಇದು ಹೊಳೆಯಲಿಲ್ಲ ಎಂಬುದನ್ನು ಓದುವಾಗಲೆಲ್ಲ ಮನಸ್ಸು ಭಾರವಾಗುತ್ತದೆ. ಅವರು ಕೈಲಾದಷ್ಟು ನೆರವಾಗುತ್ತಲೇ ಇದ್ದರು. ದಾರಿ ತೋರಿಸಿ ಕರೆತರಲು ಬೋಯಿಂಗ್ 707 ವಿಮಾನವೊಂದನ್ನು ಕಳುಹಿಸುವ ಸಿದ್ಧತೆಯೂ ನಡೆದಿತ್ತು. ಅದು ಮೇಲೇಳುವ ಮುಂಚೆಯೇ ಎಲ್ಲ ಮುಗಿಯಿತು.

ಹಗಲಾಗಿದ್ದರೆ ಕಿಟಕಿಯಾಚೆ ನೋಡಿದ ಮಾತ್ರಕ್ಕೆ ಸಮುದ್ರ ಎಷ್ಟು ಹತ್ತಿರವಿದೆ ಎಂದು ತಿಳಿಯುತ್ತಿತ್ತು. ರಾತ್ರಿಯ ಸಮುದ್ರದ ಮೇಲೆ ದೀಪವಿಲ್ಲ, ದಿಗಂತವಿಲ್ಲ.

ಉಳಿದಿದ್ದ ಆಸರೆ

ಸ್ಟ್ಯಾಟಿಕ್ ವ್ಯವಸ್ಥೆ ಪೂರ್ತಿ ಸತ್ತರೂ ಕೆಲವು ಉಪಕರಣಗಳಿಗೆ ಏನೂ ಆಗುವುದಿಲ್ಲ. ಕೃತಕ ದಿಗಂತ ಗಾಳಿಯ ಒತ್ತಡವನ್ನು ನೋಡುವುದೇ ಇಲ್ಲ. ದಿಕ್ಕು ತೋರಿಸುವ ಉಪಕರಣವೂ ಅಷ್ಟೇ. ಎಂಜಿನ್ ತಿರುಗುವ ವೇಗ ಎಂಜಿನ್‌ನಿಂದಲೇ ಬರುತ್ತದೆ. 757ರಲ್ಲಿ ಜಡತ್ವ ಆಧಾರಿತ ಸಂಚಾರ ವ್ಯವಸ್ಥೆ ನೆಲದ ಮೇಲಿನ ವೇಗವನ್ನೂ ಕೊಡುತ್ತದೆ. ಮೂತಿ ಇಷ್ಟು ಡಿಗ್ರಿ, ಎಂಜಿನ್ ಶಕ್ತಿ ಇಷ್ಟು ಎಂದು ಗೊತ್ತುಮಾಡಿ ಹಿಡಿದರೆ, ತೂಕಕ್ಕೆ ತಕ್ಕಂತೆ ವೇಗ ಇಷ್ಟೇ ಬರುತ್ತದೆ. ಮೀಟರು ಏನೇ ಹೇಳಲಿ, ವಿಮಾನ ಹಾರುವುದು ಭೌತಶಾಸ್ತ್ರದ ಪ್ರಕಾರ. ವೇಗ ನಂಬಲಾಗದಿದ್ದಾಗ ಅನುಸರಿಸುವ ಪಟ್ಟಿಗಳ ತಿರುಳು ಇದೇ.

ಇದೇ 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬಿರ್ಗೆನ್‌ಏರ್ ಸಂಸ್ಥೆಯ ಇನ್ನೊಂದು 757 ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತಿದ್ದರು. ಅಲ್ಲಿ ಮುಚ್ಚಿದ್ದು ಪಿಟೊ, ಬಹುಶಃ ಕಣಜದ ಗೂಡಿನಿಂದ. ಮುಚ್ಚಿದ ಪಿಟೊ ಇರುವ ವೇಗದ ಮುಳ್ಳು ಆಲ್ಟಿಮೀಟರ್‌ನಂತೆ ವರ್ತಿಸುತ್ತದೆ, ಏರಿದಷ್ಟೂ ಹೆಚ್ಚು ವೇಗ ತೋರಿಸುತ್ತದೆ. ಏರುವಾಗ ಸ್ಟ್ಯಾಟಿಕ್ ದೋಷ ವೇಗವನ್ನು ಕುಗ್ಗಿಸಿ ತೋರಿಸಿದರೆ ಪಿಟೊ ದೋಷ ಹಿಗ್ಗಿಸಿ ತೋರಿಸುತ್ತದೆ. 2018ರ ಜುಲೈ 18ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಮಲೇಷ್ಯಾ ಏರ್‌ಲೈನ್ಸ್‌ನ ಏರ್‌ಬಸ್ 330 ವಿಮಾನ ಪಿಟೊ ಮುಚ್ಚಳಗಳನ್ನು ತೆಗೆಯದೆಯೇ ಹಾರಿತು. ಅಲ್ಲೂ ಕಣಜದ ಕಾಟಕ್ಕೆಂದೇ ಮುಚ್ಚಳ ಹಾಕಿದ್ದರು. ಆ ವಿಮಾನ ಸುರಕ್ಷಿತವಾಗಿ ಮರಳಿ ಇಳಿಯಿತು.

ಟೇಪಿನ ಮುಂದೆ ನಡೆದುಹೋದವರು

ತನಿಖೆಗಾಗಿ ಸಮುದ್ರದಡಿಯ ಅವಶೇಷಗಳನ್ನು ನೋಡಿದಾಗ ಎಡಬದಿಯ ಸ್ಟ್ಯಾಟಿಕ್ ಪೋರ್ಟ್‌ಗಳ ಮೇಲೆ ಟೇಪು ಹಾಗೇ ಇತ್ತು. ತೊಳೆಯುವಾಗ ರಂಧ್ರ ಮುಚ್ಚಿದ್ದು ತಪ್ಪಲ್ಲ, ಮುಚ್ಚಲೇಬೇಕು. ಬಳಸಿದ್ದು ಮಾತ್ರ ಎದ್ದು ಕಾಣದ ಟೇಪು. ಕೆಲಸ ಮಾಡಿದವರು ಕೀಳಲಿಲ್ಲ, ಮೇಲ್ವಿಚಾರಣೆ ಮಾಡಬೇಕಾದವರು ನೋಡಲಿಲ್ಲ, ಹಾರುವ ಮುಂಚಿನ ತಪಾಸಣೆಯಲ್ಲಿ ರಾತ್ರಿಯ ಬೆಳಕಿನಲ್ಲಿ ವಿಮಾನದ ಸುತ್ತ ನಡೆದವರಿಗೆ ಕಾಣಲಿಲ್ಲ. ಶಿಕ್ಷೆಯಾದದ್ದು ನಿರ್ವಹಣಾ ವಿಭಾಗದ ಒಬ್ಬ ಕೆಲಸಗಾರನಿಗೆ. ಇಷ್ಟು ಕೈಗಳನ್ನು ದಾಟಿಬಂದ ಟೇಪಿನ ಹೊರೆಯನ್ನು ಒಬ್ಬನ ಹೆಗಲಿಗೆ ಹೊರಿಸಿದ್ದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ದೂರದಿಂದಲೂ ಎದ್ದು ಕಾಣುವ ಪ್ರಮಾಣಿತ ಮುಚ್ಚಳಗಳನ್ನೇ ಬಳಸಬೇಕೆಂದು ಶಿಫಾರಸು ಮಾಡಿತು. ಉಪಯೋಗಕ್ಕೆ ಬರುವ ಉತ್ತರ ಅದು.

ತರಬೇತಿ ವಿಮಾನದ ಸುತ್ತ ನಡೆಯುವಾಗ ಪಿಟೊ ಮುಚ್ಚಳ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದಕ್ಕೆ ಕೆಂಪು ಪಟ್ಟಿ ಜೋತುಬಿದ್ದಿರುತ್ತದೆ. ಸ್ಟ್ಯಾಟಿಕ್ ರಂಧ್ರಕ್ಕೆ ಅಂಥದ್ದೇನೂ ಇಲ್ಲದಿರಬಹುದು. ಹತ್ತಿರ ಹೋಗಿ, ಬಗ್ಗಿ, ರಂಧ್ರದ ಒಳಗಿನ ಕಪ್ಪು ಕಾಣುವವರೆಗೂ ನೋಡಬೇಕು. ವಿಮಾನ ತೊಳೆದ ಅಥವಾ ಪೇಂಟ್ ಮಾಡಿದ ದಿನವಾದರೆ ಬೆರಳ ತುದಿಯಿಂದ ಮೇಲ್ಮೈಯನ್ನು ಸವರಿ ನೋಡಿ. ತೆಳು ಟೇಪೂ ಮೇಣವೂ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತವೆ. ಬಾಯಿಂದ ಊದಬೇಡಿ, ಸೂಕ್ಷ್ಮ ಡಬ್ಬಿಗಳು ಹಾಳಾಗುತ್ತವೆ.

ಸೆಸ್ನಾ 172ರಂಥ ವಿಮಾನಗಳಲ್ಲಿ ಪರ್ಯಾಯ ಸ್ಟ್ಯಾಟಿಕ್ ಗುಬುಟು ಇದ್ದರೆ ಅದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಮುಟ್ಟುವಷ್ಟು ರೂಢಿಯಾಗಬೇಕು. ಎಳೆದರೆ ಉಪಕರಣಗಳಿಗೆ ಕ್ಯಾಬಿನ್ನಿನ ಗಾಳಿ ಹೋಗುತ್ತದೆ. ಹಾರುವಾಗ ಕ್ಯಾಬಿನ್ನಿನ ಒತ್ತಡ ಸಾಮಾನ್ಯವಾಗಿ ಹೊರಗಿಗಿಂತ ತುಸು ಕಡಿಮೆ ಇರುವುದರಿಂದ ಎತ್ತರ, ವೇಗ ಎರಡೂ ಸ್ವಲ್ಪ ಹೆಚ್ಚು ತೋರುತ್ತವೆ. ಆ ಸಣ್ಣ ತಪ್ಪಿನ ಜೊತೆ ಹಾರಬಹುದು. ವಿಮಾನದ ಕೈಪಿಡಿಯಲ್ಲಿ ಅದರ ತಿದ್ದುಪಡಿ ಕೋಷ್ಟಕವೂ ಇರುತ್ತದೆ.

ಇನ್ನೊಂದು ಅಭ್ಯಾಸವನ್ನು ಇನ್‌ಸ್ಟ್ರಕ್ಟರ್ ಜೊತೆಗಿರುವಾಗ, ಹಗಲಿನಲ್ಲಿ, ಕೇಳಿ ಮಾಡಿಸಿಕೊಳ್ಳಿ. ಏರ್‌ಸ್ಪೀಡ್, ಆಲ್ಟಿಮೀಟರ್, ವರ್ಟಿಕಲ್ ಸ್ಪೀಡ್ ಮೂರನ್ನೂ ಮುಚ್ಚಿ ಒಂದು ಸರ್ಕಿಟ್ ಹಾರಿ. ಏರುವಾಗ, ಸಮತಲದಲ್ಲಿ, ಇಳಿಯುವಾಗ ಮೂತಿ ದಿಗಂತದಿಂದ ಎಷ್ಟು ಮೇಲೆ ಅಥವಾ ಕೆಳಗಿತ್ತು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿತ್ತು, ಫ್ಲಾಪ್ ಎಷ್ಟಿತ್ತು ಎಂದು ಬರೆದುಕೊಳ್ಳಿ. ನಿಮ್ಮ ಶಾಲೆಯ ಆ ವಿಮಾನಕ್ಕೇ ಸೇರಿದ ಅಂಕಿಗಳು ಅವು. ಒಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದು ತೊಡೆಗೆ ಕಟ್ಟುವ ಪ್ಯಾಡಿನ ಮೇಲ್ಭಾಗದಲ್ಲಿ ಅಂಟಿಸಿಡಿ.